ಚಾಡಿಕೋರನೋ, ಹುಯಿಲಿಟ್ಟವನೋ?

ಕನ್ನಡಕ್ಕೆ ಸಂಸ್ಕೃತವನ್ನು ಬೇಕಾಬಿಟ್ಟಿ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಆಕ್ಷೇಪಿಸಿದವನು ಗದಗ ಜಿಲ್ಲೆಯ ಮುಳಗುಂದದ ಕವಿ ನಯಸೇನ. 12ನೇ ಶತಮಾನದ ಆರಂಭದಲ್ಲಿ ಆತ ಎತ್ತಿದ ಪ್ರಶ್ನೆ ಈಗ ಇಂಗ್ಲಿಷಿನ ಒಂದು ಪದದ ಮುಂದೆ ಮತ್ತೆ ನಿಂತಿದೆ. ಕಚೇರಿಯೊಳಗಿನ ಅಕ್ರಮವನ್ನು ಬಯಲಿಗೆಳೆಯುವವರನ್ನು ಪತ್ರಿಕೆಗಳು ‘ವಿಷಲ್‌ಬ್ಲೋವರ್’ ಎಂದೇ ಬರೆಯುತ್ತಿವೆ. ಇದಕ್ಕೆ ಕನ್ನಡದ ಹೆಸರೇ ಇಲ್ಲವೇ?

ಗುಟ್ಟು ಹೇಳುವವನಿಗೆ ಕನ್ನಡದಲ್ಲಿ ಹೆಸರುಗಳಿಗೇನೂ ಕೊರತೆಯಿಲ್ಲ. ಹಳೆಯ ಕಾವ್ಯಗಳಲ್ಲಿ ‘ಪಿಸುಣ’ನಿದ್ದಾನೆ, ‘ಕೊಂಡೆಗ’ನಿದ್ದಾನೆ. ಆಡುಮಾತಿನಲ್ಲಿ ‘ಚಾಡಿಕೋರ’ನಿದ್ದಾನೆ, ನೆರೆಯ ಮರಾಠಿಯಲ್ಲೂ ‘ಚಹಾಡಿ’ ಎಂಬ ಪದವುಂಟು. ಆದರೆ ಇವೆಲ್ಲವೂ ಬೈಗುಳಗಳೇ. ಹೇಳಿದ ಸಂಗತಿ ನಿಜವೋ ಸುಳ್ಳೋ ಎಂಬುದನ್ನು ಈ ಪದಗಳು ಕೇಳುವುದಿಲ್ಲ. ಹೇಳಿದವನ ಬುದ್ಧಿಯನ್ನಷ್ಟೇ ಶಂಕಿಸುತ್ತವೆ. ಸಹಕಾರ ಸಂಘದ ಖೊಟ್ಟಿ ಬಿಲ್ಲನ್ನು ತೋರಿಸಿಕೊಟ್ಟ ಗುಮಾಸ್ತ ಊರಿನ ಬಾಯಲ್ಲಿ ‘ಉಂಡ ಮನೆಗೆ ಎರಡು ಬಗೆದವ’ನಾಗುವುದು ಹೀಗೆ.

ಇಂಗ್ಲಿಷಿನಲ್ಲಿಯೂ ಮೊದಲು ಇದೇ ಸ್ಥಿತಿಯಿತ್ತು. ಕಳ್ಳನನ್ನು ಕಂಡು ಸೀಟಿ ಊದುವ ಪೊಲೀಸ್ ಪೇದೆ, ಆಟದಲ್ಲಿ ತಪ್ಪು ಕಂಡಾಗ ಸೀಟಿ ಊದುವ ತೀರ್ಪುಗಾರ, ಇವರಿಬ್ಬರಿಂದ ಬಂದ ನುಡಿಗಟ್ಟು ಅದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬಳಕೆದಾರರ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಅದಕ್ಕೆ ಗೌರವದ ಅರ್ಥವನ್ನು ತಂದುಕೊಟ್ಟರು. ಸಂಸ್ಥೆಯ ನಿಷ್ಠೆಗಿಂತ ಸಾರ್ವಜನಿಕ ಹಿತ ದೊಡ್ಡದೆಂದು ಬಗೆದು ಮಾತನಾಡುವ ನೌಕರನನ್ನು ಚಾಡಿಕೋರನಿಂದ ಬೇರ್ಪಡಿಸುವುದು ಅವರ ಉದ್ದೇಶವಾಗಿತ್ತು.

ಭಾರತದಲ್ಲಿ ಈ ಪದ ಮನೆಮಾತಾದುದು ಸಾವಿನ ಮೂಲಕ. ಹೆದ್ದಾರಿ ಕಾಮಗಾರಿಯ ಅಕ್ರಮಗಳ ಕುರಿತು ಪ್ರಧಾನಿ ಕಚೇರಿಗೆ ಪತ್ರ ಬರೆದು, ಹೆಸರನ್ನು ಗೋಪ್ಯವಾಗಿಡಲು ಕೋರಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್ 27ರಂದು ಗಯಾದಲ್ಲಿ ಹತ್ಯೆಯಾದರು. ಇದು ದರೋಡೆಕೋರರ ಕೃತ್ಯವೆಂದು ತನಿಖೆ ಹೇಳಿತಾದರೂ, ಗೋಪ್ಯವಾಗಿರಬೇಕಿದ್ದ ಹೆಸರು ಇಲಾಖೆಗಳ ಕಡತಗಳಲ್ಲಿ ಸುತ್ತಾಡಿದ್ದು ದೇಶವನ್ನು ಕಲಕಿತು. 2004ರಲ್ಲಿ ಇಂಥ ದೂರುಗಳನ್ನು ಸ್ವೀಕರಿಸುವ ಹೊಣೆ ಕೇಂದ್ರ ಜಾಗೃತ ಆಯೋಗಕ್ಕೆ ಬಂತು. ಕರ್ನಾಟಕದಲ್ಲಿ ಸಹಕಾರ ಸಂಘಗಳ ನಿವೇಶನ ಹಂಚಿಕೆಯ ಅಕ್ರಮಗಳನ್ನು ವರದಿ ಮಾಡಿದ್ದ ಲೆಕ್ಕಪರಿಶೋಧನಾ ಅಧಿಕಾರಿ ಎಸ್.ಪಿ. ಮಹಾಂತೇಶ್ 2012ರ ಮೇ ತಿಂಗಳಲ್ಲಿ ಬೆಂಗಳೂರಿನ ರಸ್ತೆಯಲ್ಲಿ ಹಲ್ಲೆಗೀಡಾಗಿ, ಕೆಲವೇ ದಿನಗಳಲ್ಲಿ ಕೊನೆಯುಸಿರೆಳೆದರು.

ಸಂಸತ್ತು 2014ರಲ್ಲಿ ಈ ಪದವನ್ನೇ ಹೆಸರಾಗಿಟ್ಟುಕೊಂಡ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ದೂರುದಾರರ ಹೆಸರನ್ನು ಬಹಿರಂಗಪಡಿಸಿದವರಿಗೆ 3 ವರ್ಷಗಳವರೆಗಿನ ಸೆರೆವಾಸವನ್ನು ಅದು ವಿಧಿಸುತ್ತದೆ. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೂ 2 ವರ್ಷಗಳವರೆಗೆ ಶಿಕ್ಷೆಯುಂಟು. ಎಂದರೆ ಚಾಡಿಗೂ ಸತ್ಯಕ್ಕೂ ನಡುವಿನ ಗೆರೆಯನ್ನು ಕಾನೂನು ಎಳೆದಾಗಿದೆ. ಆದರೆ ರಾಷ್ಟ್ರಪತಿಗಳ ಅಂಕಿತ ಬಿದ್ದು ದಶಕವೇ ಕಳೆದರೂ ಕಾಯ್ದೆ ಜಾರಿಗೆ ಬಂದಿಲ್ಲ. ಅದನ್ನು ಸಡಿಲಗೊಳಿಸುವಂತಿದ್ದ 2015ರ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಅಂಗೀಕಾರಗೊಂಡು, 2019ರಲ್ಲಿ ಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು.

ಕಾನೂನು ಕಾಗದದಲ್ಲಿಯೇ ಉಳಿದಿರುವಾಗ ದೂರುದಾರನಿಗಿರುವ ಆಸರೆ ಜನಾಭಿಪ್ರಾಯವೊಂದೇ. ಆದ್ದರಿಂದಲೇ ಆತನನ್ನು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದು ಮುಖ್ಯವಾಗುತ್ತದೆ. ಹಳಗನ್ನಡದಲ್ಲಿ ‘ಪುಯ್ಯಲ್’ ಎಂಬ ಮಾತಿದೆ. ಇಂದಿನ ‘ಹುಯಿಲು’ ಅದರದೇ ರೂಪ. ಕಳ್ಳರು ತುರುಗಳನ್ನು ಹೊಡೆದುಕೊಂಡು ಹೋಗುವಾಗ ಊರನ್ನು ಎಬ್ಬಿಸುತ್ತಿದ್ದ ಕೂಗು ಅದು. ತುರುಗಳನ್ನು ಮರಳಿಸಲು ಹೋರಾಡಿ ಮಡಿದವರ ವೀರಗಲ್ಲುಗಳು ಈ ನಾಡಿನ ಊರೂರಲ್ಲಿವೆ. ಹುಯಿಲಿಟ್ಟವನನ್ನು ಚಾಡಿಕೋರನೆಂದು ಯಾರೂ ಜರೆಯಲಿಲ್ಲ, ಏಕೆಂದರೆ ಕಳುವಾದದ್ದು ಊರಿನ ಸೊತ್ತು.

ಇಂದಿನ ನೌಕರ ‘ಉಂಡ ಮನೆ’ ಯಾವುದು? ಅದು ಮೇಲಧಿಕಾರಿಯದಲ್ಲ, ತೆರಿಗೆ ಕಟ್ಟುವ ಜನರದು. ಆ ಮನೆಯಲ್ಲಿ ಕಳವು ನಡೆದಾಗ ಕೂಗಿಕೊಂಡವನಿಗೆ ಕನ್ನಡ ಎರವಲು ಪದವನ್ನೇ ಕೊಡಲಿ, ಹಳೆಯ ಪದವನ್ನೇ ಕೊಡಲಿ. ಬೈಗುಳವನ್ನು ಮಾತ್ರ ಕೊಡದಿರಲಿ.