ಕೆರೆಯ ಲೆಕ್ಕ ಹರಾಜಿನ ಮೊತ್ತದಲ್ಲಿ ಮುಗಿಯುವುದೇ?

ಒಂದು ಕೆರೆಯ ಮೌಲ್ಯವನ್ನು ಅಳೆಯುವುದು ಹೇಗೆ? ರೈತ ತೂಬಿನಿಂದ ಹರಿಯುವ ನೀರನ್ನು ಕಂಡು ಅಳೆಯುತ್ತಾನೆ. ದನಗಾಹಿ ಬೇಸಿಗೆಯಲ್ಲಿ ಉಳಿದ ಮಡುವನ್ನು ಕಂಡು ಅಳೆಯುತ್ತಾನೆ. ಮೀನುಗಾರನಿಗೆ ಅದು ಬಲೆಯ ಭಾರ. ನಮ್ಮ ಆಡಳಿತದ ಕಡತಗಳಿಗೆ ಮಾತ್ರ ಇದಾವುದರ ಗೊಡವೆಯಿಲ್ಲ. ಮೀನು ಪಾಶುವಾರು ಹಕ್ಕಿನ ಹರಾಜಿನಲ್ಲಿ ಬಂದ ಮೊತ್ತವೇ ಅವುಗಳ ಪಾಲಿಗೆ ಕೆರೆಯ ಮೌಲ್ಯ. ಹೆಚ್ಚು ಬೇಡಿದವನಿಗೆ ಕೆರೆ, ಮಿಕ್ಕವರಿಗೆ ಎಚ್ಚರಿಕೆಯ ಫಲಕ.

ಕಲಘಟಗಿ ತಾಲೂಕಿಗೆ ಈ ಪ್ರಶ್ನೆ ಕೇವಲ ಮೀನಿನ ಪ್ರಶ್ನೆಯಲ್ಲ. ಧಾರವಾಡ ಜಿಲ್ಲೆಯ ಪೂರ್ವ ಭಾಗ ಎರೆಮಣ್ಣಿನ ಬಯಲಾದರೆ ಇದು ಅರೆಮಲೆನಾಡು. ಇಲ್ಲಿ ಭತ್ತವಿದೆ, ಕಾಡಿನ ಅಂಚಿದೆ, ಊರಿಗೊಂದರಂತೆ ಕೆರೆಗಳಿವೆ. ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಧುಮ್ಮವಾಡ ಬಳಿಯ ನೀರಸಾಗರ ದಶಕಗಳ ಕಾಲ ಹುಬ್ಬಳ್ಳಿಯ ದಾಹವನ್ನು ತಣಿಸಿತು. ಅದೇ ನೀರಸಾಗರ 2017ರಲ್ಲಿ ಬತ್ತಿ ತಳ ತೋರಿಸಿತ್ತು, 2019ರ ಮಳೆಗೆ ಮತ್ತೆ ತುಂಬಿತು. ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಗಿ ಬಂದ 2023ರ ವರ್ಷವನ್ನಂತೂ ಯಾರೂ ಮರೆತಿಲ್ಲ. ಒಮ್ಮೆ ಒಣಗುವ, ಒಮ್ಮೆ ಕೋಡಿ ಹರಿಯುವ ಇಂತಹ ಜಲಮೂಲಗಳನ್ನು ಪ್ರತಿ ವರ್ಷವೂ ಒಂದೇ ಬಗೆಯ ಆದಾಯ ತರುವ ಅಂಗಡಿ ಮಳಿಗೆಗಳೆಂದು ಭಾವಿಸಿ ಗುತ್ತಿಗೆಗೆ ಕೊಡುವುದು ಎಂತಹ ಲೆಕ್ಕಾಚಾರ?

ಕಾನೂನಿನ ಕೊರತೆ ನಮಗಿಲ್ಲ. ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ 1996 ಎಂಬ ಹೆಸರಿನಲ್ಲಿಯೇ ಸಂರಕ್ಷಣೆ ಮೊದಲು ಬರುತ್ತದೆ. ದೊಡ್ಡ ಕೆರೆಗಳ ಮೀನು ಹಕ್ಕು ಮೀನುಗಾರಿಕೆ ಇಲಾಖೆಯದು, ಸಣ್ಣವುಗಳದ್ದು ಗ್ರಾಮ ಪಂಚಾಯತಿಯದು. ಇಲಾಖೆಯ ಕೆರೆಗಳಲ್ಲಿ ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ನೀಡಿ, ಉಳಿದವುಗಳನ್ನು ಟೆಂಡರ್ ಮತ್ತು ಹರಾಜಿನ ಮೂಲಕ ಐದು ವರ್ಷಗಳಿಗೆ ಗುತ್ತಿಗೆ ನೀಡುವ ಪದ್ಧತಿಯಿದೆ. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಆದರೆ ಸಂಘದ ಹೆಸರಿನಲ್ಲಿ ಕೆರೆ ಹಿಡಿಯುವವರು ಒಬ್ಬರು, ಹಣ ಹೂಡುವವರು ಇನ್ನೊಬ್ಬರು ಎಂಬ ದೂರು ರಾಜ್ಯದ ಯಾವ ಜಿಲ್ಲೆಗೂ ಹೊಸದಲ್ಲ. ಅಂಬಿಗ, ಗಂಗಾಮತ, ಬೆಸ್ತ ಎಂಬಿತ್ಯಾದಿ ಹೆಸರುಗಳಲ್ಲಿ ತಲೆಮಾರುಗಳಿಂದ ನೀರನ್ನೇ ನಂಬಿ ಬದುಕಿದ ಕುಟುಂಬಗಳು ತಮ್ಮದೇ ಸಂಘದ ಕೆರೆಯಲ್ಲಿ ದಿನಗೂಲಿಗೆ ಬಲೆ ಎಳೆಯುವಂತಾದರೆ ಆದ್ಯತೆ ಎಂಬ ಪದಕ್ಕೆ ಅರ್ಥವೇನು ಉಳಿಯಿತು?

ಸಂಘಕ್ಕೂ ಸೇರದ ಇನ್ನೊಬ್ಬನಿದ್ದಾನೆ. ಕೂಲಿ ಮುಗಿಸಿ ಸಂಜೆ ಗಾಳ ಹಿಡಿದು ಏರಿಯ ಮೇಲೆ ಕೂರುವ ಬಡವ. ಅವನಿಗೆ ಜಾತಿಯ ಕಸುಬೂ ಇಲ್ಲ, ಸದಸ್ಯತ್ವದ ಚೀಟಿಯೂ ಇಲ್ಲ. ರಾತ್ರಿಯ ಸಾರಿಗೆ ನಾಲ್ಕು ಮೀನು ಸಿಕ್ಕರೆ ಅವನಿಗೆ ಸಾಕು. ಗುತ್ತಿಗೆ ಪತ್ರಕ್ಕೆ ಸಹಿ ಬಿದ್ದ ಮರುದಿನದಿಂದ ಇವನು ಕಳ್ಳನಾಗುತ್ತಾನೆ. ಐದು ವರ್ಷದ ಕೊನೆಯ ವರ್ಷದಲ್ಲಿ ಸಣ್ಣ ಕಣ್ಣಿನ ಬಲೆ ಹಾಕಿ ಮರಿಯನ್ನೂ ಬಿಡದೆ ಬಾಚಿಕೊಂಡು ಹೋಗುವ ಗುತ್ತಿಗೆದಾರ ಮಾತ್ರ ಕಾನೂನಿನ ದೃಷ್ಟಿಯಲ್ಲಿ ಹಕ್ಕುದಾರ. ಆ ಗುತ್ತಿಗೆದಾರನ ದುರಾಸೆಯನ್ನಷ್ಟೇ ದೂರಿ ಫಲವಿಲ್ಲ. ಮುಂದಿನ ವರ್ಷ ಕೆರೆ ತನ್ನದಾಗಿರುವುದೆಂಬ ಭರವಸೆಯಿಲ್ಲದವನು ಅದರಲ್ಲಿ ಏನನ್ನಾದರೂ ಏಕೆ ಉಳಿಸಿಯಾನು? ಈ ನಡತೆಯನ್ನು ಅವನಿಗೆ ಕಲಿಸಿದ್ದು ನಿಯಮವೇ.

ಇನ್ನು ವಿಜ್ಞಾನದ ಮಾತು. ನಮ್ಮ ಕೆರೆಗಳಲ್ಲಿ ಬೆಳೆಸುವ ಮುಖ್ಯ ಮೀನುಗಳು ಕಾಟ್ಲಾ, ರೋಹು ಮತ್ತು ಮೃಗಾಲ್. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಆದ್ದರಿಂದಲೇ ಮೂರನ್ನೂ ಒಟ್ಟಿಗೆ ಬಿಡುತ್ತಾರೆ. ಆದರೆ ಇವು ನಿಂತ ನೀರಿನಲ್ಲಿ ಸಂತಾನ ಬೆಳೆಸುವುದಿಲ್ಲ, ಮುಂಗಾರಿನ ಹರಿಯುವ ನದಿಯೇ ಬೇಕು. ಹಾರ್ಮೋನಿನ ಚುಚ್ಚುಮದ್ದಿನಿಂದ ಅವುಗಳ ಸಂತಾನೋತ್ಪತ್ತಿಯನ್ನು ಕೃತಕವಾಗಿ ಸಾಧಿಸಿದವರು ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಞಿ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ನಡೆದ ಆ ಪ್ರಯೋಗದ ಸ್ಮರಣೆಗಾಗಿಯೇ ಇಂದು ದೇಶದಲ್ಲಿ ಮೀನು ಕೃಷಿಕರ ದಿನ ಆಚರಿಸಲಾಗುತ್ತಿದೆ. ಹಾಗಾಗಿ ಕೆರೆಯಲ್ಲಿ ಕಾಟ್ಲಾ ಇರಬೇಕಾದರೆ ಪ್ರತಿ ವರ್ಷ ಮರಿ ಬಿತ್ತಲೇಬೇಕು. ಯಾವ ಗಾತ್ರದ ಮರಿ, ಎಷ್ಟು, ಯಾವಾಗ ಎಂಬುದು ಕೆರೆಯಲ್ಲಿ ನೀರು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದನ್ನು ಅವಲಂಬಿಸಿದೆ. ಏಳೆಂಟು ತಿಂಗಳಷ್ಟೇ ನೀರಿರುವ ಕೆರೆಗೆ ತಡವಾಗಿ, ಅದೂ ಸಣ್ಣ ಮರಿ ಬಿಟ್ಟರೆ ಅದು ಕೊಕ್ಕರೆಗಳಿಗೆ ಮಾಡಿದ ದಾನವಾದೀತು.

ಕೆರೆಯಲ್ಲಿ ಬಿತ್ತಿದ ಮೀನು ಮಾತ್ರ ಇರುವುದಿಲ್ಲ ಎಂಬುದನ್ನು ನಿಯಮ ರಚಿಸುವವರು ಮರೆಯುತ್ತಾರೆ. ತನ್ನ ಮರಿಗಳನ್ನು ಹಿಂಡಾಗಿ ಕಾಯುವ ಕೊರವ ಮೀನು ಯಾರೂ ಬಿತ್ತದೆ ಕೆರೆಯಲ್ಲೇ ಸಂತಾನ ಬೆಳೆಸುತ್ತದೆ. ಮೊದಲ ಮಳೆಗೆ ಹೊಸ ನೀರಿಗೆದುರಾಗಿ ಹಳ್ಳ, ಗದ್ದೆಗಳಿಗೆ ಏರುವ ಸ್ಥಳೀಯ ಮೀನುಗಳಿವೆ. ಮಲೆನಾಡಿಗರು ಇದನ್ನು ಹತ್ತುಮೀನು ಎನ್ನುತ್ತಾರೆ. ಮೊಟ್ಟೆ ತುಂಬಿದ ಆ ಮೀನುಗಳನ್ನು ಕೂಳಿಯೊಡ್ಡಿ ಹಿಡಿದರೆ ಮುಂದಿನ ವರ್ಷದ ಮೀನು ಅಲ್ಲಿಗೇ ಮುಗಿಯಿತು. ಬೇಲಿ ಹಾಕಬೇಕಾದದ್ದು ಆ ಕೆಲವು ವಾರಗಳಿಗೆ, ಆ ಹಳ್ಳದ ಬಾಯಿಗೆ. ಚಳಿಗಾಲದಲ್ಲಿ ಏರಿಯ ಮೇಲೆ ಕೂತ ಗಾಳದವನನ್ನು ಓಡಿಸಿ ಯಾವ ಮೀನನ್ನೂ ಉಳಿಸಿದಂತಾಗದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವನ್ನು ಮೀನುಗಾರರು ಒಪ್ಪಿಕೊಂಡಿದ್ದಾರೆ, ಏಕೆಂದರೆ ಅದರ ಕಾರಣ ಅವರಿಗೆ ಗೊತ್ತು. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ನಿಷೇಧದ ಅವಧಿಗೆ ಒಳನಾಡಿನ ಮೀನುಗಾರ ಕುಟುಂಬಗಳಿಗೂ ನೆರವಿನ ಅವಕಾಶವಿದೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ನಿಷೇಧ ಉಂಟು, ನೆರವು ಇಲ್ಲ!

ಹೊರಗಿನಿಂದ ಬಂದ ಮೀನುಗಳ ಸಂಗತಿ ಇನ್ನೊಂದು. ಜಿಲೇಬಿ ಎಂದು ಕರೆಯಲಾಗುವ ತಿಲಾಪಿಯಾವನ್ನು 1952ರಲ್ಲಿ ಭಾರತಕ್ಕೆ ತಂದದ್ದು ಒಳ್ಳೆಯ ಉದ್ದೇಶದಿಂದಲೇ. ಇಂದು ಅದು ಅನೇಕ ಕೆರೆಗಳನ್ನು ಆಕ್ರಮಿಸಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರಕಾರ 1997ರಲ್ಲೇ ನಿಷೇಧಿಸಿತು, ಕದ್ದುಮುಚ್ಚಿ ಸಾಕುವುದು ನಿಂತಿಲ್ಲ. ಕೋಡಿ ಹರಿದ ಒಂದು ಮಳೆಗಾಲ ಸಾಕು, ಒಬ್ಬನ ಹೊಂಡದ ಮೀನು ಇಡೀ ಬೇಡ್ತಿ ಕಣಿವೆಗೆ ಹಬ್ಬಲು.

ವಿಜ್ಞಾನ ಇಲ್ಲದ ಜಾಗವನ್ನು ವದಂತಿ ತುಂಬುತ್ತದೆ. ಒಂದು ಮುಂಜಾವು ಕೆರೆಯಲ್ಲಿ ಮೀನುಗಳು ಸತ್ತು ತೇಲಿದವೆನ್ನಿ. ರಾತ್ರಿಯಿಡೀ ಪಾಚಿಯೂ ಮೀನೂ ಕೂಡಿ ನೀರಿನ ಆಮ್ಲಜನಕವನ್ನು ಬಳಸಿಕೊಂಡು, ಸೂರ್ಯೋದಯಕ್ಕೆ ಮುನ್ನ ಅದು ತೀರಾ ಕುಸಿದಿರುತ್ತದೆ. ಚರಂಡಿ ನೀರು ಸೇರಿದ ಕೆರೆಯಲ್ಲಿ ಇದು ಸಾಮಾನ್ಯ. ಆದರೆ ಊರಿನಲ್ಲಿ ಹುಟ್ಟುವ ಮೊದಲ ಮಾತು ‘ಯಾರೋ ವಿಷ ಹಾಕಿದ್ದಾರೆ’ ಎಂಬುದು. ವಿಷ ಮತ್ತು ಸಿಡಿಮದ್ದು ಬಳಸಿ ಮೀನು ಹಿಡಿಯುವುದು 1897ರ ಕಾಯ್ದೆಯ ಕಾಲದಿಂದಲೂ ಅಪರಾಧ, ಅಂತಹ ಕೃತ್ಯಗಳು ನಡೆಯುವುದಿಲ್ಲವೆಂದೂ ಅಲ್ಲ. ಆದರೆ ನೀರಿನ ಪರೀಕ್ಷೆ ನಡೆಯುವುದಕ್ಕೆ ಮೊದಲೇ ಆ ‘ಯಾರೋ’ ಎಂಬವನಿಗೆ ಒಂದು ಓಣಿಯೂ ಒಂದು ಹೆಸರೂ ದೊರೆತುಬಿಡುವುದು ಇಂದಿನ ವಾತಾವರಣದಲ್ಲಿ ಸಣ್ಣ ಅಪಾಯವಲ್ಲ.

ಇದು ಕಲ್ಪನೆಯ ಭಯವಲ್ಲ ಎಂಬುದಕ್ಕೆ ನಮ್ಮದೇ ಜಿಲ್ಲೆಯ ನವಲಗುಂದ ತಾಲೂಕಿನ ಮೊರಬ ಸಾಕ್ಷಿ. 2018ರ ನವೆಂಬರ್ ಕೊನೆಯಲ್ಲಿ ಅಲ್ಲಿನ ಕುಡಿಯುವ ನೀರಿನ ಕೆರೆಯಲ್ಲಿ ಮಹಿಳೆಯೊಬ್ಬರ ಶವ ಪತ್ತೆಯಾಯಿತು. ಆಕೆಗೆ ಎಚ್‌ಐವಿ ಸೋಂಕಿತ್ತೆಂಬ ಮಾತು ಹರಡಿತು. ಎಚ್‌ಐವಿ ನೀರಿನಿಂದ ಹರಡದು ಎಂದು ಎಷ್ಟು ಹೇಳಿದರೂ ಜನ ಒಪ್ಪಲಿಲ್ಲ. ಸುಮಾರು 36 ಎಕರೆಯ ಕೆರೆಯನ್ನು ಪಂಪು, ಕೊಳವೆಗಳನ್ನಿಟ್ಟು ಬರಿದು ಮಾಡಲಾಯಿತು. ಹನಿ ನೀರಿಗೂ ಮಲಪ್ರಭಾ ಕಾಲುವೆಯ ಕಡೆ ನೋಡಬೇಕಾದ ಸೀಮೆಯಲ್ಲಿ ಇದು ನಡೆಯಿತು. ನೊಂದು ಪ್ರಾಣ ಬಿಟ್ಟ ಹೆಣ್ಣುಮಗಳಿಗೆ ಸತ್ತ ಮೇಲೂ ಘನತೆ ದಕ್ಕಲಿಲ್ಲ. ಗ್ರಾಮಸ್ಥರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ. ಆದರೆ ಅದಕ್ಕೆ ಮೊದಲು ಯಾವ ವರ್ಷವಾದರೂ ಆ ನೀರಿನ ಪರೀಕ್ಷೆಯ ಫಲಿತಾಂಶವನ್ನು ಅವರ ಮುಂದೆ ಓದಿ ಹೇಳುವ ರೂಢಿ ಇದ್ದಿದ್ದರೆ, ಆ ದಿನ ಅಧಿಕಾರಿಯ ಮಾತಿಗೆ ಸ್ವಲ್ಪವಾದರೂ ಬೆಲೆ ಬರುತ್ತಿತ್ತು.

ಜನರ ಕೈಗೆ ಕೊಟ್ಟರೆ ಕೆರೆ ಹಾಳಾಗುತ್ತದೆ ಎಂಬುದು ಅಧಿಕಾರಶಾಹಿಯ ಹಳೆಯ ವಾದ. ಮಧ್ಯಪ್ರದೇಶದ ತವಾ ಜಲಾಶಯದ ಅನುಭವ ಅದನ್ನು ಸುಳ್ಳು ಮಾಡಿದೆ. ಅಣೆಕಟ್ಟಿನಿಂದ ನಿರ್ವಸಿತರಾದ ಆದಿವಾಸಿಗಳು ಹೋರಾಡಿ 1996ರಲ್ಲಿ ಅಲ್ಲಿನ ಮೀನು ಹಕ್ಕನ್ನು ತಮ್ಮ ಸಹಕಾರ ಒಕ್ಕೂಟಕ್ಕೆ ಪಡೆದರು. ಮರಿ ಬಿತ್ತಿದರು, ಸಂತಾನದ ಋತುವಿನಲ್ಲಿ ಬಲೆ ಮುಟ್ಟಲಿಲ್ಲ, ಕಳ್ಳಬೇಟೆಯನ್ನು ತಾವೇ ಕಾವಲು ನಿಂತು ತಡೆದರು. ಇಳುವರಿ ಏರಿತು. 2006ರ ಕೊನೆಯಲ್ಲಿ ಆ ಗುತ್ತಿಗೆ ಮುಗಿದಾಗ ಹುಲಿ ಸಂರಕ್ಷಣೆಯ ಕಾರಣ ನೀಡಿ ನವೀಕರಣ ನಿರಾಕರಿಸಲಾಯಿತು. ಸಾಧಿಸಿ ತೋರಿಸಿದವರಿಗೂ ಹಕ್ಕು ಭದ್ರವಲ್ಲ ಎಂಬುದು ಅದರ ಕಹಿ ಭಾಗ.

ಕೆರೆ, ಕುಂಟೆಗಳು ಸಮುದಾಯದ ಸಂಪತ್ತು ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹಿಂಚ್‌ಲಾಲ್ ತಿವಾರಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಹರಾಜಿನ ಕೂಗಿಗೆ ಮೊದಲು ಕೆಲವು ಪ್ರಶ್ನೆಗಳಿಗೆ ಗ್ರಾಮಸಭೆಯಲ್ಲಿ ಉತ್ತರ ದೊರೆಯಲಿ. ಈ ಕೆರೆಯಲ್ಲಿ ಕಳೆದ ಐದು ವರ್ಷ ನೀರು ಎಲ್ಲಿಯವರೆಗೆ ನಿಂತಿತ್ತು? ಎಷ್ಟು ಮರಿ ಬಿತ್ತಲಾಯಿತು, ಎಷ್ಟು ಮೀನು ಹಿಡಿಯಲಾಯಿತು? ಬೇಸಿಗೆಯಲ್ಲಿ ರೈತರ ಪಂಪು ಯಾವ ಮಟ್ಟದಲ್ಲಿ ನಿಲ್ಲಬೇಕು? ನೀರೇ ಬಾರದ ವರ್ಷದ ಗುತ್ತಿಗೆ ಹಣವನ್ನು ಬಡ ಸದಸ್ಯರ ಸಂಘ ಏಕೆ ಕಟ್ಟಬೇಕು? ಮನೆಯ ಅಗತ್ಯಕ್ಕೆ ಗಾಳ ಹಾಕುವವನನ್ನು ಗುತ್ತಿಗೆಯ ಷರತ್ತಿನಲ್ಲೇ ಹೊರಗಿಡಲು ಏನು ಅಡ್ಡಿ? ಇಲಾಖೆಯ ಅಧಿಕಾರಿ ವರ್ಷಕ್ಕೊಮ್ಮೆ ಬಂದು, ಈ ಅಂಕಿಗಳನ್ನೂ ನೀರಿನ ಪರೀಕ್ಷೆಯ ವರದಿಯನ್ನೂ ಕನ್ನಡದಲ್ಲಿ ಓದಿ, ಕೋಡಿಯ ಪಕ್ಕದ ಫಲಕದಲ್ಲಿ ಬರೆಸಲಿ. ‘ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ’ ಎಂದು ಬರೆಯಲು ಆ ಫಲಕದಲ್ಲಿ ಈಗ ಜಾಗವಿದೆಯಲ್ಲ, ಅದರ ಕೆಳಗೇ ಬರೆಯಬಹುದು.