ದಿನಕ್ಕೆ ಎರಡೇ ಹಡಗು

ಬೇಸಿಗೆಯಲ್ಲಿ ಅಮೆರಿಕದ ಮಕ್ಕಳ ಮನೆಗೆ ಹೋಗುವ ನಮ್ಮ ಅಪ್ಪ-ಅಮ್ಮಂದಿರ ಪ್ರವಾಸದ ಪಟ್ಟಿಗೆ ನಯಾಗರದ ಜೊತೆ ಈಗ ಅಲಾಸ್ಕಾ ಕ್ರೂಸ್ ಕೂಡ ಸೇರಿಕೊಂಡಿದೆ. ಸಿಯಾಟಲ್‌ನಲ್ಲಿ ಹಡಗು ಹತ್ತಿದರೆ ಏಳು ದಿನ ಸೂಟ್‌ಕೇಸ್ ಕಟ್ಟಿ ಬಿಚ್ಚುವ ಗೋಜಿಲ್ಲ. ಮೊಣಕಾಲು ನೋವಿನ ಅಜ್ಜಿಗೆ ಲಿಫ್ಟು, ಮೊಮ್ಮಕ್ಕಳಿಗೆ ಈಜುಕೊಳ, ಮೊದಲೇ ಹೇಳಿಟ್ಟರೆ ಸಸ್ಯಾಹಾರಿಗಳಿಗೆ ದಾಲು, ಪಲ್ಯ. ಕಿಟಕಿಯಾಚೆ ದ್ವೀಪಗಳ ನಡುವಿನ ಕಿರಿದಾದ ಕಡಲ ಹಾದಿ, ಅದರ ಎರಡೂ ದಡಕ್ಕೆ ಇಳಿದು ಬಂದ ಸ್ಪ್ರೂಸ್ ಮರಗಳ ಕಡುಹಸಿರು ಕಾಡು. ಮೂರು ತಲೆಮಾರು ಒಟ್ಟಿಗೆ ಇಂಥದ್ದನ್ನು ನೋಡಲು ಇದಕ್ಕಿಂತ ಸಲೀಸಾದ ದಾರಿ ಬೇರೆ ಇಲ್ಲ ಎಂಬುದನ್ನು ಒಪ್ಪಿಕೊಂಡೇ ಮಾತು ಶುರುಮಾಡಬೇಕು. ಹೋಗಬೇಡಿ ಎಂದು ಉಪದೇಶ ಮಾಡುವುದು ಈ ಬರಹದ ಕೆಲಸವಲ್ಲ. ಆದರೆ ಆ ಏಳು ದಿನಗಳ ಪ್ರವಾಸದ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರವಾಗಿ ಅಚ್ಚಾಗುವುದು ಗ್ಲೇಸಿಯರ್ ಬೇ ಎಂಬ ಕೊಲ್ಲಿ. ಅಲ್ಲಿಗೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಕ್ರೂಸ್ ಹಡಗು ಬರುವಂತಿಲ್ಲ. ಹಡಗು ಕಂಪನಿಗಳು ಅತಿ ಹೆಚ್ಚು ಹೆಮ್ಮೆಯಿಂದ ಮಾರುವ ಸರಕು ಒಂದು ಮಿತಿಯಿಂದ ಹುಟ್ಟಿದ್ದು. ಅದೇ ಮಿತಿಯನ್ನು ಪಕ್ಕದ ಊರು ಕೇಳಿದರೆ ಮಾತ್ರ ಅದು ಉದ್ಯಮಕ್ಕೆ ಕೊಡಲಿಪೆಟ್ಟು ಎನ್ನುವ ಕೂಗೇಳುತ್ತದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮಿತಿ ಕೇಳುವ ಊರುಗಳ ಪರ ಪ್ರವಾಸಿಗನೂ ನಿಲ್ಲಬೇಕು, ಅದರ ಬೆಲೆಯನ್ನು ಟಿಕೆಟಿನಲ್ಲೇ ಕೊಡಬೇಕು ಎಂಬುದು ನನ್ನ ವಾದ.

ಗ್ಲೇಸಿಯರ್ ಬೇಯ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಹಡಗು ಕೊಲ್ಲಿಯ ಬಾಯಿಗೆ ಬಂದಾಗ ಬಾರ್ಟ್ಲೆಟ್ ಕೋವ್ ಎಂಬಲ್ಲಿಂದ ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂದು ಸೇರುತ್ತದೆ. ಅದರಿಂದ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು, ಇಳಿಬಿಟ್ಟ ಏಣಿ ಹಿಡಿದು ಚಲಿಸುತ್ತಿರುವ ಹಡಗನ್ನೇ ಹತ್ತುತ್ತಾರೆ. ಇಡೀ ದಿನ ವಿವರಣೆ ಅವರದ್ದು. ಕೆಲವೊಮ್ಮೆ ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರೂ ಜೊತೆಗಿರುತ್ತಾರೆ. ತಿಮಿಂಗಿಲಗಳಿರುವ ನೀರಿನಲ್ಲಿ ವೇಗ ಇಳಿಸಬೇಕು. ಮಾರ್ಜರಿ ಹಿಮನದಿಯ ಎದುರು ಹಡಗು ನಿಂತು ನಿಧಾನಕ್ಕೆ ತನ್ನ ಸುತ್ತಲೇ ತಿರುಗುತ್ತದೆ, ಎಡಬಲದ ಬಾಲ್ಕನಿಗಳೆರಡಕ್ಕೂ ದರ್ಶನ ಸಿಗಲೆಂದು. ಸುಮಾರು ಒಂದು ಮೈಲಿ ಅಗಲದ ನೀಲಿ-ಬಿಳಿ ಗೋಡೆ. ಅದರಿಂದ ಚೂರೊಂದು ಕಳಚಿ ನೀರಿಗೆ ಬಿದ್ದರೆ ಮೊದಲು ಕಣ್ಣಿಗೆ ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಟ್ಲಿಂಗಿಟರು ಇದನ್ನು ಬಿಳಿ ಗುಡುಗು ಎಂದು ಕರೆದರು. ಆ ಗುಡುಗು ಕೇಳಿಸಬೇಕಾದರೆ ಸುತ್ತ ಮೌನ ಇರಬೇಕು. ಅಲ್ಲಿ ಏಳು ಹಡಗು ಸಾಲುಗಟ್ಟಿ ನಿಂತು ಒಂದೊಂದರಲ್ಲೂ ಧ್ವನಿವರ್ಧಕ ಕೂಗುತ್ತಿದ್ದರೆ ಅದು ಜಾತ್ರೆಯ ಗದ್ದಲ ಮಾತ್ರ.

ಈ ಮೌನ ತಾನಾಗಿ ಉಳಿದದ್ದಲ್ಲ. 1978ರ ಬೇಸಿಗೆಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಇದ್ದಕ್ಕಿದ್ದಂತೆ ಕೊಲ್ಲಿ ಬಿಟ್ಟು ಹೋದವು. ಹಡಗು-ದೋಣಿಗಳ ಓಡಾಟವೇ ಕಾರಣವಿರಬಹುದೆಂಬ ಶಂಕೆಯಿಂದ ಮುಂದಿನ ವರ್ಷಗಳಲ್ಲಿ ಹಡಗುಗಳ ಸಂಖ್ಯೆಗೆ ಮಿತಿ ಬಂತು. 90ರ ದಶಕದಲ್ಲಿ ಅದನ್ನು ಸಡಿಲಿಸಹೊರಟಾಗ, ಪರಿಸರದ ಮೇಲಿನ ಪರಿಣಾಮವನ್ನು ಸರಿಯಾಗಿ ಅಧ್ಯಯನ ಮಾಡಿಲ್ಲವೆಂದು 2001ರಲ್ಲಿ ನ್ಯಾಯಾಲಯವೇ ಅಡ್ಡಬಂತು. ಈಗ ಪ್ರವೇಶದ ಪರವಾನಗಿಗಾಗಿ ಕಂಪನಿಗಳು ಪೈಪೋಟಿ ಮಾಡುತ್ತವೆ. ಪರಿಸರದ ವಿಷಯದಲ್ಲಿ ಯಾರು ಏನು ಭರವಸೆ ಕೊಡುತ್ತಾರೆ ಎನ್ನುವುದೂ ಆ ಪೈಪೋಟಿಯ ಭಾಗ. ಇಷ್ಟು ಬಿಗಿ ಇದ್ದರೂ ಯಾವ ಕಂಪನಿಯೂ ಗ್ಲೇಸಿಯರ್ ಬೇ ಬೇಡವೆಂದು ದೂರ ಸರಿದಿಲ್ಲ, ಸ್ಲಾಟು ಸಿಕ್ಕವರು ಅದನ್ನೇ ಡಂಗುರ ಹೊಡೆಯುತ್ತಾರೆ. ಹಾಗೆಂದು ಮಿತಿ ಎಂಬುದೆಲ್ಲ ನ್ಯಾಯವೇ ಆಗಿರುತ್ತದೆ ಎನ್ನಲಾಗದು. ಈ ಕೊಲ್ಲಿ ಹೂನಾ ಟ್ಲಿಂಗಿಟರ ತವರು. 18ನೇ ಶತಮಾನದಲ್ಲಿ ಮುನ್ನುಗ್ಗಿದ ಹಿಮ ಅವರನ್ನು ಅಲ್ಲಿಂದ ಎಬ್ಬಿಸಿತು. ಹಿಮ ಹಿಂದೆ ಸರಿದ ಮೇಲೆ ಸಂರಕ್ಷಣೆಯ ಕಾನೂನುಗಳು ಬಂದವು. ಅಜ್ಜಂದಿರ ಕಾಲದಿಂದ ಮಾಡುತ್ತಿದ್ದಂತೆ ಕಡಲಹಕ್ಕಿಯ ಮೊಟ್ಟೆ ಆರಿಸುವುದೂ ದಶಕಗಟ್ಟಲೆ ಅಪರಾಧವಾಗಿತ್ತು. 2014ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಅದನ್ನು ಅವರಿಗೆ ಮರಳಿ ಕೊಡಬೇಕಾಯಿತು. ಮಿತಿ ಹಾಕುವ ಕೈ ಯಾರದ್ದು, ಅದು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಕೇಳದೆ ಮಿತಿಯನ್ನು ಹೊಗಳುವುದು ಅರ್ಧ ಸತ್ಯ.

ಕೊಲ್ಲಿಯಿಂದ ಹೊರಗೆ ಬಂದರೆ ಲೆಕ್ಕವೇ ಬೇರೆ. ಅಲಾಸ್ಕಾದ ರಾಜಧಾನಿ ಜೂನೋದ ಜನಸಂಖ್ಯೆ ಸುಮಾರು 32,000; ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ತಾಲ್ಲೂಕು ಕೇಂದ್ರ. ಹೊರಜಗತ್ತಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ, ವಿಮಾನ ಇಲ್ಲವೇ ಹಡಗು. 2023ರಲ್ಲಿ ಆ ಊರಿಗೆ ಬಂದ ಕ್ರೂಸ್ ಪ್ರವಾಸಿಗರು 16 ಲಕ್ಷಕ್ಕೂ ಹೆಚ್ಚು, ಅದೂ ಏಪ್ರಿಲ್‌ನಿಂದ ಅಕ್ಟೋಬರ್ ನಡುವಿನ ತಿಂಗಳುಗಳಲ್ಲಿ. ಉತ್ತರದ ಸ್ಕ್ಯಾಗ್ವೇಯಲ್ಲಿ ಕಾಯಂ ನೆಲೆಸಿದವರು ಸಾವಿರದ ಚಿಲ್ಲರೆ ಮಂದಿ. ಒಂದು ದೊಡ್ಡ ಹಡಗಿನಿಂದ ಬೆಳಿಗ್ಗೆ ಇಳಿಯುವವರೇ ಅವರ ಮೂರು ಪಟ್ಟು. ಪೇಟೆಬೀದಿಯಲ್ಲಿ ಆಭರಣದಂಗಡಿ, ಟೀಶರ್ಟ್ ಅಂಗಡಿ; ಕೊನೆಯ ಹಡಗು ಹೊರಟ ಮೇಲೆ ಅವುಗಳಲ್ಲಿ ಬಹಳಷ್ಟಕ್ಕೆ ಬಾಗಿಲು. ಮೊಬೈಲ್ ನೆಟ್‌ವರ್ಕ್ ಕುಂಟುತ್ತದೆ, ಕಾಲುದಾರಿಗಳು ತುಂಬುತ್ತವೆ, ಮನೆಗಳ ತಲೆ ಮೇಲೆ ಹೆಲಿಕಾಪ್ಟರ್. ಜೂನೋ ನಗರಾಡಳಿತ ಕಂಪನಿಗಳ ಜೊತೆ ಕೂತು ಮಾತಾಡಿ, 2024ರಿಂದ ದಿನಕ್ಕೆ ಐದು ದೊಡ್ಡ ಹಡಗು ಎಂಬ ಒಪ್ಪಂದಕ್ಕೆ ಬಂತು. ನಂತರ 2026ರಿಂದ ಜಾರಿಗೆ ಬರುವಂತೆ ಹಡಗುಗಳ ಹಾಸಿಗೆ ಲೆಕ್ಕದಲ್ಲಿ ದಿನಕ್ಕೆ 16,000, ಶನಿವಾರ 12,000 ಎಂದು ಇನ್ನೊಂದು ಒಪ್ಪಂದವಾಯಿತು. ಅಂದರೆ ಮಿತಿ ಬಿದ್ದ ಮೇಲೂ ಊರಿನ ಜನಸಂಖ್ಯೆಯ ಅರ್ಧದಷ್ಟು ಮಂದಿ ದಿನಾ ಹೊರಗಿನಿಂದ ಬಂದಿಳಿಯಬಹುದು. ಇದನ್ನು ಪ್ರವಾಸೋದ್ಯಮದ ವಿರೋಧ ಎಂದು ಕರೆಯುವವರ ಧೈರ್ಯ ಮೆಚ್ಚಬೇಕು.

ಹೊಟ್ಟೆಪಾಡಿನ ಪ್ರಶ್ನೆ ಇಲ್ಲಿ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಇದೇ ಕರಾವಳಿಯ ಸಿಟ್ಕಾದ ಪಲ್ಪ್ ಕಾರ್ಖಾನೆ 1993ರಲ್ಲಿ, ಕೆಚಿಕನ್‌ನದ್ದು 1997ರಲ್ಲಿ ಮುಚ್ಚಿದವು. ಮರ ಕಡಿದು ಬದುಕುತ್ತಿದ್ದ ಊರುಗಳನ್ನು ಆಮೇಲೆ ಕೈಹಿಡಿದದ್ದು ಹಡಗುಗಳೇ. ಕೋವಿಡ್‌ನಿಂದ 2020ರ ಇಡೀ ಋತು ಕೈತಪ್ಪಿದಾಗ ಸ್ಕ್ಯಾಗ್ವೇಯಂಥ ಊರು ಅಕ್ಷರಶಃ ಬರಿಗೈಯಾಯಿತು. 2024ರ ಅಕ್ಟೋಬರ್‌ನಲ್ಲಿ ಜೂನೋದಲ್ಲಿ ಶನಿವಾರಗಳಂದು ದೊಡ್ಡ ಹಡಗು ಬೇಡವೆಂಬ ಪ್ರಸ್ತಾವ ಮತಕ್ಕೆ ಬಂದಾಗ ಜನರೇ ಅದನ್ನು ಸೋಲಿಸಿದರು. ಸಿಟ್ಕಾದಲ್ಲಿ ವರ್ಷಕ್ಕೆ 3 ಲಕ್ಷ ಪ್ರವಾಸಿಗರು ಸಾಕು ಎಂಬ ಪ್ರಸ್ತಾವವೂ 2025ರಲ್ಲಿ ಬಿದ್ದುಹೋಯಿತು. ಊರವರೇ ಬೇಡವೆಂದ ಮಿತಿಯನ್ನು ಹೊರಗಿನವರು ಯಾಕೆ ಹೊತ್ತು ತಿರುಗಬೇಕು ಎಂದು ಕೇಳಬಹುದು. ಆದರೆ ಜೂನೋದ ಜನ ತಿರಸ್ಕರಿಸಿದ್ದು ವಾರದಲ್ಲೊಂದು ದಿನ ಬಾಗಿಲು ಹಾಕುವುದನ್ನು. ಐದು ಹಡಗಿನ ಒಪ್ಪಂದ ಆಗಲೇ ಜಾರಿಯಲ್ಲಿತ್ತು, ಅದನ್ನು ಯಾರೂ ಕಿತ್ತುಹಾಕಿಲ್ಲ. ಜಗಳ ಇರುವುದು ಅಳತೆಯ ಬಗ್ಗೆ. ಆ ಜಗಳದಲ್ಲಿ ಒಂದು ಕಡೆ ಊರು, ಇನ್ನೊಂದು ಕಡೆ ಇಡೀ ಜಗತ್ತಿನ ಯಾವ ಬಂದರಿಗೆ ಬೇಕಾದರೂ ಹಡಗು ತಿರುಗಿಸಬಲ್ಲ ಕಂಪನಿ. ಸಮಬಲರ ಚೌಕಾಸಿ ಅಲ್ಲ ಇದು.

ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಸ್ಕ್ಯಾಗ್ವೇಯಿಂದ ಬೆಟ್ಟ ಹತ್ತುವ ಪುಟ್ಟ ರೈಲು ಚಿನ್ನದ ಬೇಟೆಯ ಕಾಲದ್ದು, 1898ರಿಂದ 1900ರ ನಡುವೆ ಕಟ್ಟಿದ್ದು. ಆ ಕಾಲದಲ್ಲಿ ಚಿನ್ನ ಸಿಕ್ಕವರಿಗಿಂತ ಸಲಿಕೆ ಮಾರಿದವರೇ ಹೆಚ್ಚು ದುಡ್ಡು ಮಾಡಿದರಂತೆ. ಈಗ ಪ್ರವಾಸಿಗರ ಮೊದಲ ಆಯ್ಕೆಯಾಗಿರುವ ಆ ರೈಲನ್ನು 2018ರಲ್ಲಿ ಕೊಂಡ ಗುಂಪಿನಲ್ಲಿ ಕ್ರೂಸ್ ಕಂಪನಿ ಕಾರ್ನಿವಲ್ ಪಾಲುದಾರ. ಹಡಗಿನಲ್ಲಿ ಕೊಟ್ಟ ದುಡ್ಡು, ದಡಕ್ಕಿಳಿದು ಕೊಟ್ಟ ದುಡ್ಡು ಎರಡೂ ಒಂದೇ ಜೇಬಿನ ಕಡೆ ಹರಿಯಬಹುದು. ಇದಕ್ಕೆ ಎದುರಾದ ಉದಾಹರಣೆ ಹೂನಾದಲ್ಲಿದೆ. ಹಳೆಯ ಸಾಲ್ಮನ್ ಮೀನಿನ ಕ್ಯಾನರಿಯೊಂದನ್ನು ಟ್ಲಿಂಗಿಟರ ಸ್ವಂತ ಸಂಸ್ಥೆ ಹೂನಾ ಟೋಟೆಮ್ 2004ರಲ್ಲಿ ಕ್ರೂಸ್ ತಾಣವಾಗಿ ತೆರೆಯಿತು. ಧಕ್ಕೆ ಅವರದ್ದು, ಅಂಗಡಿಯ ನಿಯಮ ಅವರದ್ದು. ಸಾವಿರ ಜನರೂ ಇಲ್ಲದ ಆ ಹಳ್ಳಿಯಲ್ಲೂ ದಟ್ಟಣೆ ಇದೆ, ಆದರೆ ಲಾಭ ಸದಸ್ಯರ ಮನೆಗೆ ಹೋಗುತ್ತದೆ. ರಾಜ್ಯದ ಮತದಾರರೂ ಒಮ್ಮೆ ಗಟ್ಟಿ ಹೆಜ್ಜೆ ಇಟ್ಟಿದ್ದರು: 2006ರಲ್ಲಿ ಪ್ರತಿ ಕ್ರೂಸ್ ಪ್ರವಾಸಿಗನ ತಲೆಗೆ 50 ಡಾಲರ್ ಕರ, ಜೊತೆಗೆ ಹಡಗಿನ ತ್ಯಾಜ್ಯದ ಮೇಲೆ ಕಣ್ಣಿಡಲು ಓಷನ್ ರೇಂಜರ್‌ಗಳು. ಉದ್ಯಮ ನ್ಯಾಯಾಲಯಕ್ಕೆ ಹೋಯಿತು, 2010ರಲ್ಲಿ ಕರ 34.50 ಡಾಲರಿಗೆ ಇಳಿಯಿತು. 2019ರಲ್ಲಿ ಗವರ್ನರ್ ಆ ರೇಂಜರ್‌ಗಳ ಅನುದಾನಕ್ಕೇ ಕತ್ತರಿ ಹಾಕಿದರು. ಕಣ್ಣಿಡುವ ಅಗತ್ಯವೇ ಇರಲಿಲ್ಲ ಎನ್ನುವಂತಿಲ್ಲ. ಎಣ್ಣೆ ಬೆರೆತ ನೀರನ್ನೂ ರಾಸಾಯನಿಕಗಳನ್ನೂ ಸಮುದ್ರಕ್ಕೆ ಬಿಟ್ಟು ಸುಳ್ಳು ಹೇಳಿದ್ದಕ್ಕೆ ರಾಯಲ್ ಕೆರಿಬಿಯನ್ 1999ರಲ್ಲಿ ತಪ್ಪೊಪ್ಪಿಕೊಂಡು 1.8 ಕೋಟಿ ಡಾಲರ್ ದಂಡ ಕಟ್ಟಿತ್ತು. ಪ್ರಿನ್ಸೆಸ್ ಕಂಪನಿ, ಇಂಥದೇ ಅಪರಾಧಕ್ಕೆ, 2016ರಲ್ಲಿ ಒಪ್ಪಿಕೊಂಡ ದಂಡ 4 ಕೋಟಿ.

ಟಿಕೆಟು ಯಾಕೆ ಅಷ್ಟು ಅಗ್ಗ ಎಂಬುದಕ್ಕೆ ಒಂದು ಉತ್ತರ ಹಡಗಿನ ಹಿಂಬದಿಯಲ್ಲಿ ಬರೆದಿರುತ್ತದೆ. ಬಹಾಮಾಸ್, ಪನಾಮಾ, ಬರ್ಮುಡಾ, ಹೀಗೆ ನೋಂದಣಿ ಬೇರೆ ದೇಶದ್ದು. ವಿದೇಶಿ ಹಡಗು ಅಮೆರಿಕದ ಬಂದರಿನಿಂದ ಬಂದರಿಗೆ ಜನರನ್ನು ಸಾಗಿಸಬಾರದೆಂಬ 1886ರ ಕಾನೂನು ಇನ್ನೂ ಜೀವಂತ ಇರುವುದರಿಂದ ಸಿಯಾಟಲ್ ಹಡಗುಗಳು ಮಧ್ಯೆ ಕೆನಡಾದ ಒಂದು ಬಂದರು ಮುಟ್ಟಲೇಬೇಕು. ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುವುದು ಅದಕ್ಕೇ. ಆ ಒಂದು ಸಂಜೆಗಾಗಿ ಭಾರತದ ಪಾಸ್‌ಪೋರ್ಟಿನ ಅಜ್ಜ-ಅಜ್ಜಿಗೆ ಕೆನಡಾ ವೀಸಾ ಬೇರೆ ಮಾಡಿಸಬೇಕು. ನೂರೈವತ್ತು ವರ್ಷದ ಹತ್ತಿರದ ಕಾನೂನಿಗೆ ಜಯನಗರದ ಅಜ್ಜಿ ಬೆರಳಚ್ಚು ಕೊಡುವುದೆಂದರೆ ತಮಾಷೆಯೇ ಸರಿ. ಆದರೆ ನೋಂದಣಿಯ ದೇಶ ಬದಲಾದರೆ ತೆರಿಗೆ, ಕೂಲಿಯ ನಿಯಮಗಳೂ ಬದಲಾಗುತ್ತವೆ ಎಂಬುದು ತಮಾಷೆಯಲ್ಲ. ನಾವಿಕರ ದುಡಿಮೆಯ ಅಂತರರಾಷ್ಟ್ರೀಯ ಒಪ್ಪಂದ ವಾರಕ್ಕೆ 72 ಗಂಟೆಯವರೆಗೆ ಕೆಲಸ ತೆಗೆಯಲು ಅವಕಾಶ ಕೊಡುತ್ತದೆ. ಹಾಸಿಗೆ ಸರಿಮಾಡಿ, ತಟ್ಟೆ ಎತ್ತುವವರು ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತದವರು. ಅವರಲ್ಲಿ ಮಂಗಳೂರು, ಉಡುಪಿ ಕಡೆಯ ಹುಡುಗರೂ ಇದ್ದಾರೆ. ಅವರ ಮನೆಗಳಿಗೆ ಆ ಸಂಬಳ ದೊಡ್ಡದೇ, ಅದನ್ನು ಹಗುರವಾಗಿ ಕಾಣಬಾರದು. ಅಗ್ಗದ ಕೋಣೆಯ ಬೆಲೆಯಲ್ಲಿ ಆ ಗಂಟೆಗಳೂ ಸೇರಿವೆ ಎಂದಷ್ಟೇ ಹೇಳುತ್ತಿರುವುದು.

ಮಿತಿ ಬಂದರೆ ಬೆಲೆ ಏರುತ್ತದೆ, ಆಗ ಅಲಾಸ್ಕಾ ಸಿರಿವಂತರ ಸೊತ್ತಾಗುತ್ತದೆ ಎಂಬುದು ಗಟ್ಟಿಯಾದ ಆಕ್ಷೇಪ. ಬೆಲೆ ಏರುತ್ತದೆ, ನಿಜ. ಎಷ್ಟೋ ಮಧ್ಯಮ ವರ್ಗದ ಮನೆಗಳು ಒಂದು ವರ್ಷ ಮುಂದಕ್ಕೆ ಹಾಕಬೇಕಾಗಬಹುದು. ಆದರೆ ಗ್ಲೇಸಿಯರ್ ಬೇಗೆ ಇಂದಿಗೂ ಹೋಗುತ್ತಿರುವುದು ಸಾವಿರಾರು ಜನ ಹಿಡಿಯುವ ದೊಡ್ಡ ಹಡಗುಗಳೇ, ಗಾಲಿಕುರ್ಚಿಯ ಅಜ್ಜಿಯರೂ ಅಲ್ಲಿಗೆ ತಲುಪುತ್ತಿದ್ದಾರೆ. ಐವತ್ತು-ಅರವತ್ತು ಜನರ ಸಣ್ಣ ಹಡಗೇ ಪುಣ್ಯದ ದಾರಿ ಎಂದು ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದರ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ತಲೆವಾರು ಲೆಕ್ಕದಲ್ಲಿ ಅದು ಹೆಚ್ಚು ಶುದ್ಧವೆಂಬ ಖಾತರಿಯೂ ಇಲ್ಲ. ಕಾಲು ಗಟ್ಟಿ ಇರುವವರಿಗೆ ಬೇರೆ ದಾರಿ ಉಂಟು: ರಾಜ್ಯ ಸರ್ಕಾರದ ಫೆರಿಗಳು 1963ರಿಂದ ಇದೇ ಹಾದಿಯಲ್ಲಿ ಓಡಾಡುತ್ತಿವೆ. ಕ್ಯಾಬಿನ್ ಬೇಡದವರು ಮೇಲಿನ ಡೆಕ್‌ನಲ್ಲಿ ಡೇರೆ ಹಾಕಿ, ಗಾಳಿಗೆ ಹಾರದಂತೆ ಕಬ್ಬಿಣದ ನೆಲಕ್ಕೆ ಡಕ್ಟ್ ಟೇಪ್ ಹಚ್ಚಿ ಮಲಗುತ್ತಾರೆ. ಪಕ್ಕದಲ್ಲಿ ಊರಿನ ಶಾಲೆಯ ಆಟಗಾರರ ತಂಡ, ಆಸ್ಪತ್ರೆಗೆ ಹೊರಟ ಮುದುಕ. ಅಜ್ಜಿಯನ್ನು ಕರೆದುಕೊಂಡು ಹಾಗೆ ಹೋಗಲಾಗದು, ಅದೂ ಸರಿ. ಅಜ್ಜಿಗೆ ದೊಡ್ಡ ಹಡಗೇ ಆಗಲಿ. ಅದೇ ದಿನ ಅದೇ ಧಕ್ಕೆಗೆ ಇನ್ನೂ ಆರು ಹಡಗು ಬರುವುದರಿಂದ ಅವರಿಗೆ ಆಗುವ ಲಾಭವೇನು?

ಹಿಮ ಹೇಗೂ ಕರಗುತ್ತಿದೆ, ಇದ್ದಾಗಲೇ ನೋಡಿಬಿಡೋಣ ಎನ್ನುವವರೂ ಇದ್ದಾರೆ. ಕರಗುತ್ತಿರುವುದು ಸುಳ್ಳಲ್ಲ. ಜೂನೋದ ಮೆಂಡೆನ್‌ಹಾಲ್ ಹಿಮನದಿಯ ಪಕ್ಕದ ಕಣಿವೆಯಲ್ಲಿ ಕಟ್ಟಿಕೊಂಡ ನೀರು ಒಮ್ಮೆಲೇ ನುಗ್ಗಿ 2023, 2024, 2025ರ ಆಗಸ್ಟ್‌ಗಳಲ್ಲಿ ಒಂದಕ್ಕಿಂತ ಒಂದು ದೊಡ್ಡ ಪ್ರವಾಹವಾಯಿತು. 2025ರ ಆಗಸ್ಟ್ 10ರ ಮುಂಜಾನೆ, ಹಡಗುಗಳ ನೆಚ್ಚಿನ ಕಿರುಕಡಲು ಟ್ರೇಸಿ ಆರ್ಮ್‌ನಲ್ಲಿ ಬೆಟ್ಟವೇ ಕುಸಿದು ನೀರಿಗೆ ಬಿದ್ದು, ಎದುರಿನ ಇಳಿಜಾರಿನಲ್ಲಿ ಅಲೆ ಸಾವಿರ ಅಡಿಗೂ ಮೇಲೇರಿ ಮರಗಳನ್ನು ಬೋಳಿಸಿತು. ಆ ಹೊತ್ತಿಗೆ ಅಲ್ಲಿ ಕ್ರೂಸ್ ಹಡಗು ಇರಲಿಲ್ಲ. ಇದ್ದಾಗಲೇ ನೋಡೋಣ ಎಂಬ ಆತುರ ಹೆಚ್ಚಿದಷ್ಟೂ ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಒಂದೇ ಹೊತ್ತಿಗೆ ಇರುವ ಜನರ ಸಂಖ್ಯೆ ಹೆಚ್ಚುತ್ತದೆ.

ಮಿತಿ ಇದ್ದ ಕಡೆಯೂ ತಪ್ಪುಗಳಾಗಿವೆ. 1970ರ ದಶಕದಿಂದ ಸಂಶೋಧಕರು ಗುರುತಿಟ್ಟಿದ್ದ, ಸ್ನೋ ಎಂಬ ಹೆಸರಿನ ಹೆಣ್ಣು ತಿಮಿಂಗಿಲ 2001ರ ಜುಲೈನಲ್ಲಿ ಗ್ಲೇಸಿಯರ್ ಬೇ ಬಳಿ ಸತ್ತು ತೇಲಿತು, ಗರ್ಭಿಣಿಯಾಗಿತ್ತು. ಆ ಪ್ರಕರಣದಲ್ಲಿ, ತಿಮಿಂಗಿಲಗಳ ಹತ್ತಿರ ನಿಧಾನಕ್ಕೆ ಸಾಗದೆ ಹೋದ ತಪ್ಪನ್ನು ಪ್ರಿನ್ಸೆಸ್ ಕಂಪನಿ 2007ರಲ್ಲಿ ಒಪ್ಪಿಕೊಂಡು 7.5 ಲಕ್ಷ ಡಾಲರ್ ಕಟ್ಟಿತು. ಸ್ನೋಳ ಮೂಳೆಗಳನ್ನು ಶುಚಿಮಾಡಿ, ಜೋಡಿಸಿ, 2014ರಿಂದ ಬಾರ್ಟ್ಲೆಟ್ ಕೋವ್‌ನಲ್ಲಿ ನಿಲ್ಲಿಸಿದ್ದಾರೆ. ರೇಂಜರ್‌ಗಳ ಸಣ್ಣ ದೋಣಿ ದಿನಾ ಹೊರಡುವುದು ಅಲ್ಲಿಂದಲೇ. ದೊಡ್ಡ ಹಡಗುಗಳು ಅಲ್ಲಿ ನಿಲ್ಲುವುದಿಲ್ಲ, ಪ್ರವಾಸಿಗರು ಇಳಿಯುವುದೂ ಇಲ್ಲ. ಏಣಿ ಹಿಡಿದು ರೇಂಜರ್‌ಗಳು ಹತ್ತಿ ಬರುವ ಹೊತ್ತಿಗೆ ಹಡಗಿನ ಹೆಚ್ಚಿನವರು ಮೇಲಿನ ಮಹಡಿಯಲ್ಲಿ ತಿಂಡಿಯ ಸಾಲಿನಲ್ಲಿರುತ್ತಾರೆ.