ಬೀಗ ಇರಲಿ, ಕೀಲಿಕೈ ಕೊಂಡವನಲ್ಲಿರಲಿ

ಹಣ ಕೊಟ್ಟು ಕೊಂಡ ವಸ್ತುವಿಗೆ ಕೊಂಡವನೇ ಒಡೆಯ ಎಂಬುದು ಸಂತೆಗೆ ಹೋಗುವ ಪ್ರತಿಯೊಬ್ಬನಿಗೂ ಗೊತ್ತಿರುವ ನ್ಯಾಯ. ಹೊಲಿಗೆಯಂತ್ರ ಕೊಂಡ ದರ್ಜಿ ಅದನ್ನು ಬಿಚ್ಚಿ ಎಣ್ಣೆ ಬಿಡುತ್ತಾನೆ, ಸವೆದ ಭಾಗ ತೆಗೆದು ಬೇರೆಯದನ್ನು ಹಾಕುತ್ತಾನೆ. ಅದಕ್ಕಾಗಿ ಕಂಪನಿಯ ಅಪ್ಪಣೆಗೆ ಕಾಯುವುದಿಲ್ಲ. ಆದರೆ ಶಿವಮೊಗ್ಗೆಯ ಗಾಂಧಿ ಬಜಾರಿನ ಅಂಗಡಿಕಾರನಿಂದ ಹಿಡಿದು ಭದ್ರಾವತಿಯ ಕಾರ್ಖಾನೆಯ ಕಾರ್ಮಿಕನವರೆಗೆ ಎಲ್ಲರ ಜೇಬಿನಲ್ಲಿರುವ ಸ್ಮಾರ್ಟ್‌ಫೋನಿಗೆ ಈ ನ್ಯಾಯ ನಡೆಯದು. ಹಣ ನಮ್ಮದು, ಫೋನು ನಮ್ಮದು. ಅದರೊಳಗಿನ ಯಜಮಾನಿಕೆ ಮಾತ್ರ ಕಂಪನಿಯದು.

ಇದು ಅಲಂಕಾರದ ಮಾತಲ್ಲ. ಯಂತ್ರದ ರಚನೆಯೇ ಹೀಗಿದೆ. ಆಂಡ್ರಾಯ್ಡ್ ಫೋನುಗಳ ತಳಹದಿ ಲಿನಕ್ಸ್ ಎಂಬ ತಂತ್ರಾಂಶ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಅದನ್ನು ಆರಂಭಿಸಿದ. ಅನೇಕ ದೇಶಗಳ ಸಾವಿರಾರು ಜನ ದುಡಿದು ಬೆಳೆಸಿದರು. ಅದರ ಲೆಕ್ಕದಲ್ಲಿ ಪ್ರತಿ ಬಳಕೆದಾರನಿಗೂ ಒಂದು ಸಂಖ್ಯೆ. ಸೊನ್ನೆ ಸಂಖ್ಯೆಯವನ ಹೆಸರು ‘ರೂಟ್’. ಫೋನಿನ ಒಂದೊಂದು ಆ್ಯಪ್ ತನಗೆ ಕೊಟ್ಟ ಕೋಣೆಯಲ್ಲಷ್ಟೇ ಇರಬೇಕು. ರೂಟ್‌ಗೆ ಮಾತ್ರ ಎಲ್ಲ ಕೋಣೆಗಳಿಗೂ ಪ್ರವೇಶವುಂಟು. ಫೋನು ಮಾರುವ ಕಂಪನಿ ಈ ಸೊನ್ನೆಯ ಅಧಿಕಾರವನ್ನು ನಮಗೆ ಕೊಡುವುದಿಲ್ಲ. ಫೋನು ಹೊತ್ತಿಕೊಳ್ಳುವಾಗ ಮೊದಲು ಓಡುವ ಬೂಟ್‌ಲೋಡರ್ ಎಂಬ ಕಾವಲುಗಾರ, ಕಂಪನಿಯ ಮುದ್ರೆಯಿಲ್ಲದ ಯಾವ ತಂತ್ರಾಂಶವನ್ನೂ ಒಳಗೆ ಬಿಡುವುದಿಲ್ಲ. ಈ ಬೀಗ ತೆಗೆದು ಅಧಿಕಾರವನ್ನು ಕೈಗೆ ತೆಗೆದುಕೊಳ್ಳುವುದಕ್ಕೇ ‘ರೂಟ್ ಮಾಡುವುದು’ ಎನ್ನುತ್ತಾರೆ.

ಇದು ಪಟ್ಟಣದ ಹುಡುಗರ ಆಟವಲ್ಲವೇ, ನಮಗೇನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಕುಲುಮೆಯ ಬಳಿ, ಧೂಳಿನಲ್ಲಿ, ಮಲೆನಾಡಿನ ಮಳೆಯಲ್ಲಿ ದುಡಿಯುವವನಿಗೆ ಗಾಜಿನ ನಾಜೂಕು ಫೋನು ತಾಳುವುದಿಲ್ಲ. ಅವನಿಗೆ ಬೇಕಾದುದು ರಬ್ಬರಿನ ಅಂಚಿನ, ನೀರು ಧೂಳು ಒಳಹೋಗದ, ಕೈಜಾರಿ ಬಿದ್ದರೂ ಒಡೆಯದ ಗಟ್ಟಿ ಫೋನು. ಅಂಥ ಫೋನಿನ ಮೈ ಎಂಟು ಹತ್ತು ವರ್ಷ ಬಾಳುತ್ತದೆ. ಆದರೆ ಕಂಪನಿ ಎರಡು ಮೂರು ವರ್ಷಕ್ಕೇ ಹೊಸ ಆವೃತ್ತಿ ಮತ್ತು ಭದ್ರತೆಯ ತೇಪೆ ಕೊಡುವುದನ್ನು ನಿಲ್ಲಿಸಿಬಿಡುತ್ತದೆ. ಆಮೇಲೆ ಒಂದೊಂದೇ ಆ್ಯಪ್ ಬಾಗಿಲು ಮುಚ್ಚುತ್ತದೆ. 2025ರ ಜನವರಿಯಿಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿ ವಾಟ್ಸಾಪ್ ನಿಂತುಹೋಯಿತು. ಆ ಫೋನುಗಳ ಪರದೆ ಒಡೆದಿರಲಿಲ್ಲ, ಗುಂಡಿ ಸವೆದಿರಲಿಲ್ಲ. ಯಂತ್ರ ಗಟ್ಟಿಯಾಗಿರುವಾಗಲೇ ದೂರದ ಕಛೇರಿಯ ತೀರ್ಮಾನ ಅದನ್ನು ನಿಲ್ಲಿಸುವುದೆಂದರೇನು ಎಂದು ಭದ್ರಾವತಿಯವರಿಗೆ ವಿವರಿಸಬೇಕಾಗಿಲ್ಲ. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ದಿಲ್ಲಿಯಿಂದ ಬಂದಾಗ ಅವರು ಅದನ್ನು ಕಣ್ಣಾರೆ ಕಂಡಿದ್ದಾರೆ.

ಇಂಥ ಫೋನಿಗೆ ಜನರೇ ಮರುಜೀವ ಕೊಟ್ಟ ಉದಾಹರಣೆಯಿದೆ. 2010ರಲ್ಲಿ ಮೋಟೊರೋಲಾ ಕಂಪನಿ ‘ಡಿಫೈ’ ಎಂಬ ಗಟ್ಟಿ ಫೋನನ್ನು ಆಂಡ್ರಾಯ್ಡ್ 2.1ರೊಂದಿಗೆ ಮಾರುಕಟ್ಟೆಗೆ ತಂದಿತು. ಅದರ ಬೂಟ್‌ಲೋಡರ್‌ಗೆ ಭದ್ರವಾದ ಬೀಗ. ಕಂಪನಿ ಕೈಬಿಟ್ಟ ಮೇಲೂ ಅನೇಕ ದೇಶಗಳ ಸ್ವಯಂಸೇವಕರು ಅದನ್ನು ಬಿಡಲಿಲ್ಲ. ಬೀಗ ತೆರೆಯಲಾಗದಿದ್ದರೂ ಫೋನು ಹೊತ್ತಿಕೊಂಡ ಮೇಲೆ ಒಳಗಿನ ಆಡಳಿತವನ್ನು ಬದಲಿಸುವ ಉಪಾಯ ಕಂಡುಹಿಡಿದು, ಆಂಡ್ರಾಯ್ಡ್ 4.4ರವರೆಗೆ ಅದನ್ನು ನಡೆಸಿಕೊಂಡು ಬಂದರು. ಕಂಪನಿ ಆಗದೆಂದು ಬಿಟ್ಟ ಕೆಲಸವನ್ನು ಕೂಲಿಯಿಲ್ಲದೆ ದುಡಿದವರು ಮಾಡಿ ತೋರಿಸಿದರು. ಆದರೆ ಬೀಗ ಮಾತ್ರ ಹಾಗೆಯೇ ಉಳಿಯಿತು.

ಇನ್ನೊಂದು ಸಂಗತಿ ಕೇಳಿ. ಕ್ಯಾಟ್ ಹೆಸರಿನ ಗಟ್ಟಿ ಫೋನುಗಳನ್ನು ತಯಾರಿಸುತ್ತಿದ್ದ ಇಂಗ್ಲೆಂಡಿನ ಬುಲಿಟ್ ಕಂಪನಿ 2024ರ ಆರಂಭದಲ್ಲಿ ಮುಳುಗಿತು. ಕಂಪನಿಯೇ ಇಲ್ಲವಾದ ಮೇಲೆ ತೇಪೆ ಹಾಕುವವರು ಯಾರು? ಕೀಲಿಕೈಯನ್ನು ಯಾರಲ್ಲಿ ಕೇಳಬೇಕು?

ಕಂಪನಿಗಳ ಸಮರ್ಥನೆಯನ್ನೂ ಕೇಳೋಣ. ಬೀಗವಿರುವುದು ನಿಮ್ಮ ರಕ್ಷಣೆಗೆ ಎನ್ನುತ್ತಾರೆ. ಇದರಲ್ಲಿ ಸತ್ಯವಿಲ್ಲದಿಲ್ಲ. ರೂಟ್ ಮಾಡಿದ ಫೋನಿನಲ್ಲಿ ದುಷ್ಟ ಆ್ಯಪ್ ಒಂದಕ್ಕೆ ಆ ಅಧಿಕಾರ ಸಿಕ್ಕರೆ, ಬ್ಯಾಂಕಿನ ಗುಟ್ಟಿನಿಂದ ಮನೆಯವರ ಚಿತ್ರದವರೆಗೆ ಎಲ್ಲವೂ ಕಳ್ಳನ ಪಾಲು. ಬೂಟ್‌ಲೋಡರ್ ತೆರೆದಾಗ ಫೋನಿನಲ್ಲಿದ್ದ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಕಳ್ಳನ ಕೈಗೆ ಸಿಗಬಾರದೆಂದೇ ಹಾಗೆ ಮಾಡಿದ್ದಾರೆ. ಕೆಲಸದಲ್ಲಿ ತಪ್ಪಿದರೆ ಫೋನು ಹೆಂಚಿನ ಚೂರಿನಷ್ಟೂ ಉಪಯೋಗಕ್ಕೆ ಬಾರದು. ಅನೇಕ ಬ್ಯಾಂಕು ಮತ್ತು ಯುಪಿಐ ಆ್ಯಪ್‌ಗಳು ರೂಟ್ ಆದ ಫೋನಿನಲ್ಲಿ ನಡೆಯಲು ಒಪ್ಪುವುದಿಲ್ಲ. ಆದುದರಿಂದ ಗಿರಾಕಿಗಳ ಹಣ ಬರುವ ಫೋನನ್ನು ಯಾರೂ ರೂಟ್ ಮಾಡಕೂಡದು. ಒಂದೇ ಗುಂಡಿ ಒತ್ತಿದರೆ ರೂಟ್ ಆಗುತ್ತದೆನ್ನುವ ಅಪರಿಚಿತ ಆ್ಯಪ್‌ಗಳನ್ನು ಹತ್ತಿರಕ್ಕೂ ಸೇರಿಸಬಾರದು. ಮಾಡುವುದಾದರೆ ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಫೋನಿಗೆ ಮಾಡಲಿ; ಬೇಕಾದುದನ್ನೆಲ್ಲ ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಲಿ; 2016ರಿಂದ ಬಳಕೆಯಲ್ಲಿರುವ ಮ್ಯಾಜಿಸ್ಕ್‌ನಂಥ, ಒಳಗೇನಿದೆಯೆಂದು ಎಲ್ಲರೂ ಓದಿ ನೋಡಬಹುದಾದ ಸಾಧನವನ್ನೇ ಬಳಸಲಿ. ಅಂಥ ಫೋನು ದಾಸ್ತಾನಿನ ಲೆಕ್ಕಕ್ಕೋ ಮಕ್ಕಳ ಓದಿಗೋ ಇನ್ನಷ್ಟು ವರ್ಷ ಒದಗುತ್ತದೆ.

ಆದರೆ ರಕ್ಷಣೆಯ ವಾದ ಇಲ್ಲಿಗೇ ಮುಗಿಯುತ್ತದೆ. ಮನೆಗೆ ಬೀಗ ಬೇಕೆಂದು ಒಪ್ಪಿದ ಮಾತ್ರಕ್ಕೆ ಕೀಲಿಕೈ ಮನೆ ಕಟ್ಟಿದ ಗುತ್ತಿಗೆದಾರನ ಜೇಬಿನಲ್ಲಿರಬೇಕೆಂದು ಒಪ್ಪಿದಂತಾಗುವುದಿಲ್ಲ. ತೇಪೆ ಹಾಕುವುದನ್ನು ನಿಲ್ಲಿಸಿದ ದಿನವೇ ಕಂಪನಿ ಕಾವಲನ್ನು ಬಿಟ್ಟುಹೋಯಿತು. ಕಾವಲು ಬಿಟ್ಟವನಿಗೆ ಕೀಲಿಕೈ ಇಟ್ಟುಕೊಳ್ಳುವ ಹಕ್ಕೆಲ್ಲಿಯದು?

ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತದ್ದು ಗೇಣಿ ಅಳೆಯುವ ಕೊಳಗದ ಗಾತ್ರಕ್ಕಾಗಿ. ಬೆಳೆದವನು ರೈತ, ಅಳೆಯುವ ಕೊಳಗ ಧಣಿಯದು. ಅಳತೆ ಯಾರ ಕೈಯಲ್ಲಿದೆಯೋ ಒಡೆತನ ಅವನದೇ ಎಂಬುದನ್ನು ಆ ರೈತರು ಅರಿತಿದ್ದರು. ಇಂದಿನ ಫೋನಿನಲ್ಲಿ ಸೊನ್ನೆ ಸಂಖ್ಯೆಯೇ ಆ ಕೊಳಗ.

ಕಾನೂನು ಏನನ್ನುತ್ತದೆ? 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸೆರೆ ವಿಧಿಸುತ್ತದೆ. ಅಲ್ಲಿ ಉದ್ದೇಶವೇ ಮುಖ್ಯ. ಸಿನಿಮಾ ಕದಿಯುವವನೂ ತನ್ನ ಫೋನು ದುರಸ್ತಿ ಮಾಡಿಕೊಳ್ಳುವವನೂ ಒಂದೇ ಅಲ್ಲ. ಅಮೆರಿಕದಲ್ಲಿ ಫೋನಿನ ಇಂಥ ಬೀಗ ತೆಗೆಯಲು 2010ರಲ್ಲೇ ವಿನಾಯಿತಿ ದೊರೆಯಿತು. ನಮ್ಮಲ್ಲಿ 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಮೊದಲೇ ತುಂಬಿಸಿದ ಆ್ಯಪ್‌ಗಳನ್ನು ಬಳಕೆದಾರ ತೆಗೆಯುವುದಕ್ಕೆ ಅಡ್ಡಿ ಮಾಡಕೂಡದೆಂದಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿತು, ಆ್ಯಪ್ ತೆಗೆಯುವ ಹಕ್ಕಿನ ನಿರ್ದೇಶವನ್ನು ರದ್ದುಮಾಡಿತು. ದಂಡ ಖಜಾನೆಗೆ, ನಮಗೆ ಬಂದುದೇನು?

ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿತು, ಜಾಲತಾಣ ತೆರೆಯಿತು. ಜಾಲತಾಣದಿಂದ ಹೊಟ್ಟೆ ತುಂಬದು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ಮುಗಿದ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ಪರಿಷ್ಕರಣೆಗೆ ಕಂಪನಿಗಳು ನಿಯಮಬದ್ಧವಾಗಿವೆ. ಅದೇ ಕಂಪನಿಗಳ ಫೋನನ್ನು ದುರ್ಗಿಗುಡಿಯಲ್ಲಿ ಕೊಂಡವನು ಎರಡನೆಯ ದರ್ಜೆಯ ಗಿರಾಕಿಯೇ?

ನಾವು ಕೇಳುವುದು ದಾನವಲ್ಲ. ಒಂದು, ಎಷ್ಟು ವರ್ಷ ಪರಿಷ್ಕರಣೆ ಕೊಡುವುದೆಂದು ಫೋನಿನ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚಾಗಲಿ. ಎರಡು, ಆ ಅವಧಿ ಮುಗಿದ ದಿನ ಕೀಲಿಕೈಯನ್ನು ಕೊಂಡವನಿಗೆ ಕೊಡುವುದು ಕಾನೂನಾಗಲಿ. ಮೂರು, ಲಿನಕ್ಸ್‌ನ ಪರವಾನಗಿ ಮೊದಲಿನಿಂದಲೂ ವಿಧಿಸಿರುವಂತೆ, ಅದರ ಮೂಲ ಬರಹವನ್ನು ಕಂಪನಿಗಳು ತಪ್ಪದೆ ಒಪ್ಪಿಸಲಿ. ಇಷ್ಟಾದರೆ ನೆಹರೂ ರಸ್ತೆಯ ದುರಸ್ತಿ ಅಂಗಡಿಯ ಹುಡುಗನಿಗೆ ಗೌರವದ ಕೆಲಸವಾದೀತು. ದುಡಿಯುವವನ ಎಂಟು ಹತ್ತು ಸಾವಿರ ರೂಪಾಯಿ ಕಸದ ಬುಟ್ಟಿಗೆ ಬೀಳದೆ ಉಳಿದೀತು.